ಕರುಗಳಲ್ಲಿ ಔಷಧಿಗೆ ಬಗ್ಗದ ರೋಗಾಣುಗಳು: ಕಾರಣ ಮತ್ತು ಮುಂಜಾಗ್ರತೆ

– ಪಶುವೈದ್ಯ ವಿಸ್ತರಣಾಧಿಕಾರಿ



"ಡಾಕ್ಟರ್ ಸಾಹೇಬ್ರ, ಮೊದಲ ಒಂದು ಸೂಜಿ ಮಾಡಿದ್ರ ಸಂಜೀಕ ಕರು ಎದ್ದು ಮೊಲಿ ಉಣ್ಣತಿತ್ತು. ಈಗ ಮೂರು ದಿನ ಸೂಜಿ ಮಾಡಿಸಿದ್ರೂ ಜುಲಾಬ್ ನಿಂದ್ರವಲ್ದು. ಔಷಧನ ಖೊಟ್ಟಿ ಬರಾಕತ್ತಾವೇನ್ರಿ?"

ತಿಕೋಟಾ, ಬಬಲೇಶ್ವರ ಭಾಗದ ಸಂಘಗಳ ಸಭೆಗೆ ಹೋದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಔಷಧಿ ಖೊಟ್ಟಿಯಲ್ಲ. ಔಷಧಿ ಇದ್ದ ಹಾಗೆಯೇ ಇದೆ, ರೋಗಾಣು ಬದಲಾಗಿದೆ. ಅದು ಬದಲಾಗುವುದಕ್ಕೆ ಅವಕಾಶ ಮಾಡಿಕೊಟ್ಟವರಲ್ಲಿ ನೀವೂ ಇದ್ದೀರಿ, ಪಶುವೈದ್ಯನಾದ ನಾನೂ ಇದ್ದೇನೆ. ಇದನ್ನು ಒಪ್ಪಿಕೊಂಡೇ ಈ ಲೇಖನ ಬರೆಯುತ್ತಿದ್ದೇನೆ.

ನಾನು ಹೇಳದೆ ಬಿಟ್ಟ ಒಂದು ಮಾತು

ಕೆಲವು ವರ್ಷಗಳ ಹಿಂದೆ ಬಬಲೇಶ್ವರ ಕಡೆಯ ಒಬ್ಬ ಸದಸ್ಯರ ಮನೆಯಲ್ಲಿ ಎಚ್.ಎಫ್. ಮಿಶ್ರತಳಿ ಆಕಳು ಹೆಣ್ಣುಗರು ಹಾಕಿತ್ತು. ವಾರದೊಳಗೆ ಆಕಳಿಗೆ ಕೆಚ್ಚಲು ಬಾವು ಬಂತು. ನಾನೇ ಹೋಗಿ ಚುಚ್ಚುಮದ್ದು ಕೊಟ್ಟೆ, ಮೊಲೆಯೊಳಗೆ ಟ್ಯೂಬ್ ಹಾಕಿದೆ. "ಈ ಹಾಲನ್ನು ಸಂಘದ ಕ್ಯಾನಿಗೆ ಹಾಕಬೇಡಿರಿ" ಎಂದು ಎರಡೆರಡು ಸಲ ಹೇಳಿ ಬಂದೆ. ಆ ಮನೆಯವರು ಪ್ರಾಮಾಣಿಕರು. ಒಂದು ಹನಿ ಹಾಲನ್ನೂ ಸಂಘಕ್ಕೆ ಹಾಕಲಿಲ್ಲ. ಚೆಲ್ಲುವುದು ಯಾಕೆ ಎಂದು ಎಲ್ಲವನ್ನೂ ಕರುವಿಗೆ ಕುಡಿಸಿದರು.

ಹತ್ತು ಹನ್ನೆರಡು ದಿನದ ಕರುವಿಗೆ ಭೇದಿ ಶುರುವಾಯಿತು. ಮನೆಯಲ್ಲಿ ಉಳಿದಿದ್ದ ಬಾಟಲಿಯ ಔಷಧಿಯಿಂದ ಒಂದು ಸೂಜಿ, ಮರುದಿನ ಅಂಗಡಿಯಿಂದ ತಂದ ಗುಳಿಗೆ, ಅದರ ಮರುದಿನ ಬೇರೊಂದು ಸೂಜಿ ಆಯಿತು. ನನಗೆ ಕರೆ ಬಂದದ್ದು ಐದನೆಯ ದಿನ. ಕರುವಿನ ಕಣ್ಣು ಗುಳಿ ಬಿದ್ದಿದ್ದವು, ಬಾಯಿ ತಣ್ಣಗಿತ್ತು. ಸಗಣಿಯ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ ನರಕ್ಕೆ ಸಲೈನ್ ಹಚ್ಚಿದೆ. ವರದಿ ಬಂದಾಗ ನೋಡಿದರೆ, ನಾವು ದಿನನಿತ್ಯ ಬಳಸುವ ಯಾವ ಔಷಧಿಗೂ ಆ ರೋಗಾಣು ಬಗ್ಗಿರಲಿಲ್ಲ. ಅಷ್ಟರಲ್ಲಿ ಕರು ತೀರಿಕೊಂಡಿತ್ತು.

"ಕ್ಯಾನಿಗೆ ಹಾಕಬೇಡಿ" ಎಂದ ನಾನು "ಕರುವಿಗೂ ಕುಡಿಸಬೇಡಿ" ಎಂದಿರಲಿಲ್ಲ. ಆ ಹಾಲೊಂದೇ ಕರುವನ್ನು ಕೊಂದಿತು ಎಂದು ನಾನು ಹೇಳುವುದಿಲ್ಲ. ಆದರೆ ಔಷಧಿ ಸೋಲುವುದಕ್ಕೆ ಎಷ್ಟು ಬಾಗಿಲುಗಳಿವೆಯೋ ಅಷ್ಟನ್ನೂ ನಾವು ಆ ಕರುವಿನ ಮುಂದೆ ತೆರೆದಿಟ್ಟಿದ್ದೆವು.

ರೋಗಾಣು ಔಷಧಿಯನ್ನು ಹೇಗೆ ಮೀರುತ್ತದೆ?

ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡೌನಿ ರೋಗಕ್ಕೆ ಒಂದೇ ಔಷಧಿಯನ್ನು ವರ್ಷಗಟ್ಟಲೆ ಸಿಂಪಡಿಸಿದರೆ ಏನಾಗುತ್ತದೆ? ಸಾಯುವ ಶಿಲೀಂಧ್ರವೆಲ್ಲ ಸತ್ತು, ಆ ಔಷಧಿಯನ್ನು ತಾಳಿಕೊಳ್ಳಬಲ್ಲದ್ದು ಮಾತ್ರ ಉಳಿಯುತ್ತದೆ. ಮುಂದೆ ತೋಟದ ತುಂಬ ಅದರ ಸಂತತಿಯೇ. ಆಗ ಎರಡು ಪಟ್ಟು ಹೊಡೆದರೂ ರೋಗ ಜಗ್ಗುವುದಿಲ್ಲ.

ಕರುವಿನ ಕರುಳಿನಲ್ಲಿ ನಡೆಯುವುದೂ ಇದೇ. ಅಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಇರುತ್ತವೆ. ಹೆಚ್ಚಿನವು ನಿರುಪದ್ರವಿಗಳು, ಕೆಲವು ಜಾತಿಯವು ಭೇದಿ ತರುತ್ತವೆ, ರಕ್ತಕ್ಕೆ ನುಗ್ಗಿ ಕರುವನ್ನು ಕೊಲ್ಲುತ್ತವೆ. ಅನುಕೂಲವಿದ್ದರೆ ಇದು 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಈ ಲೆಕ್ಕದಲ್ಲಿ ಒಂದೇ ಒಂದು ರೋಗಾಣು 7 ತಾಸಿನಲ್ಲಿ 20 ಲಕ್ಷ ದಾಟುತ್ತದೆ. ಪ್ರತಿಜೀವಕ ಔಷಧಿ (ನಾವು ಆಂಟಿಬಯೋಟಿಕ್ ಎನ್ನುವುದು ಇದನ್ನೇ) ಕೊಟ್ಟಾಗ ಮೆತ್ತಗಿನವು ಸತ್ತು ಗಟ್ಟಿಯವು ಉಳಿದರೆ, ಒಂದೆರಡು ದಿನದಲ್ಲಿ ಕರುಳಿನ ತುಂಬ ಗಟ್ಟಿಯವುಗಳದೇ ರಾಜ್ಯ.

ಇನ್ನೂ ಒಂದು ವಿಷಯವಿದೆ. ಒಳ್ಳೆಯ ಬೀಜವನ್ನು ನೆರೆಯವರಿಗೆ ಕೊಟ್ಟಂತೆ, ಬ್ಯಾಕ್ಟೀರಿಯಾಗಳು ಔಷಧಿಯನ್ನು ತಾಳುವ ಗುಣವನ್ನು ಒಂದಕ್ಕೊಂದು ಕೊಡುತ್ತವೆ. ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ಕೊಡುತ್ತವೆ. ಹೀಗೆ ಕೊಡುವ ಒಂದೇ ಗಂಟಿನಲ್ಲಿ ಮೂರು ನಾಲ್ಕು ಔಷಧಿಗಳನ್ನು ತಾಳುವ ಗುಣ ಒಟ್ಟಿಗೆ ಇರಬಹುದು. ಆದ್ದರಿಂದ ಒಂದು ಔಷಧಿಯನ್ನು ಹದ ತಪ್ಪಿ ಬಳಸಿದರೆ, ನಾವು ಇನ್ನೂ ಮುಟ್ಟದ ಔಷಧಿಯೂ ಕೈಬಿಟ್ಟು ಹೋಗುವುದುಂಟು.

ಪೆನ್ಸಿಲಿನ್ ಅನ್ನು 1928ರಲ್ಲಿ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರೇ 1945ರಲ್ಲಿ ನೊಬೆಲ್ ಪ್ರಶಸ್ತಿ ಸ್ವೀಕರಿಸಿ ಮಾಡಿದ ಭಾಷಣದಲ್ಲಿ, ಸಾಲದ ಪ್ರಮಾಣದಲ್ಲಿ ಔಷಧಿ ಕೊಟ್ಟರೆ ರೋಗಾಣುಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ ಎಂದು ಎಚ್ಚರಿಸಿದ್ದರು.

ದೊಡ್ಡ ದನಗಳಿಗಿಂತ ಕರುಗಳಲ್ಲೇ ಹೆಚ್ಚು ಯಾಕೆ?

ಹಲವು ದೇಶಗಳ ಹೈನು ಕೊಟ್ಟಿಗೆಗಳಲ್ಲಿ ನಡೆದ ಅಧ್ಯಯನಗಳು ಒಂದೇ ಮಾತು ಹೇಳುತ್ತವೆ. ಔಷಧಿಗೆ ಬಗ್ಗದ ಇ. ಕೋಲಿ ಹೆಚ್ಚಾಗಿ ಸಿಗುವುದು ಹಾಲು ಕುಡಿಯುವ ಎಳೆಗರುಗಳ ಸಗಣಿಯಲ್ಲಿ. ಕರು ಮೇವು ತಿನ್ನಲು ಕಲಿತು ಮೆಲುಕು ಹಾಕತೊಡಗಿದಂತೆ ಅದು ಇಳಿಯುತ್ತದೆ. ಒಂದೂ ಸೂಜಿ ಕಾಣದ ಕರುವಿನಲ್ಲೂ ಇಂತಹ ಬ್ಯಾಕ್ಟೀರಿಯಾ ಸಿಗುತ್ತವೆ ಎಂಬುದು ಆಶ್ಚರ್ಯವಾದರೂ ನಿಜ.

ಕಾರಣ ಹೀಗೆ. ಹುಟ್ಟಿದ ಕರುವಿನ ಕರುಳು ಬಿತ್ತದೆ ಬಿಟ್ಟ ಹೊಲ ಇದ್ದಂತೆ. ಮೊದಲು ಬಿದ್ದ ಬೀಜ ಮೊದಲು ಹರಡಿಕೊಳ್ಳುತ್ತದೆ. ಕರು ನೆಲ ನೆಕ್ಕುತ್ತದೆ, ಸಗಣಿ ಮೆತ್ತಿದ ಮೊಲೆ ಚೀಪುತ್ತದೆ, ತೊಳೆಯದ ಬಕೆಟ್ಟಿನಲ್ಲಿ ಹಾಲು ಕುಡಿಯುತ್ತದೆ. ಕೊಟ್ಟಿಗೆಯಲ್ಲಿ ಮೊದಲೇ ಇರುವ ಗಟ್ಟಿ ರೋಗಾಣುಗಳು ಆಗಲೇ ಹೊಟ್ಟೆ ಸೇರುತ್ತವೆ. ಮೇಲಾಗಿ, ಭೇದಿ ಮತ್ತು ನ್ಯುಮೋನಿಯಾ ಹೆಚ್ಚಾಗಿ ಬರುವುದು ಈ ವಯಸ್ಸಿನಲ್ಲೇ, ಆದ್ದರಿಂದ ಔಷಧಿಗಳು ಬೀಳುವುದೂ ಇದೇ ವಯಸ್ಸಿನಲ್ಲಿ.

ಔಷಧಿ ಸೋಲುವ ಮೂರು ಬಾಗಿಲುಗಳು

1. ಬೇಡದ ಸೂಜಿ. ತಿಂಗಳೊಳಗಿನ ಕರುಗಳ ಭೇದಿಗೆ ಇ. ಕೋಲಿ ಒಂದೇ ಕಾರಣವಲ್ಲ. ರೋಟಾ, ಕೊರೋನಾ ಜಾತಿಯ ವೈರಾಣುಗಳು, ಕ್ರಿಪ್ಟೋಸ್ಪೊರಿಡಿಯಂ ಎಂಬ ಏಕಕೋಶ ಜೀವಿ, ಒಮ್ಮೆಲೇ ಹೆಚ್ಚು ಹಾಲು ಕುಡಿಸಿದ ಅಜೀರ್ಣ, ಎಮ್ಮೆ ಕರುಗಳಲ್ಲಿ ಜಂತುಹುಳು, ಇವೂ ಭೇದಿ ತರುತ್ತವೆ. ಇವುಗಳಲ್ಲಿ ವೈರಾಣುವಿಗಾಗಲಿ, ಅಜೀರ್ಣಕ್ಕಾಗಲಿ, ಜಂತುಹುಳುವಿಗಾಗಲಿ ಆಂಟಿಬಯೋಟಿಕ್ ಔಷಧಿ ಅಲ್ಲ. ಆದರೂ ನಾವು ಸೂಜಿ ಮಾಡುತ್ತೇವೆ. ಸೂಜಿ ಮಾಡದ ಡಾಕ್ಟರನ್ನು ಡಾಕ್ಟರೆಂದು ಯಾರೂ ನಂಬುವುದಿಲ್ಲ ಎಂಬ ಅಂಜಿಕೆಯಿಂದ, ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಎಷ್ಟೋ ಸಲ ಬೇಡವಾದ ಸೂಜಿ ಮಾಡಿದ್ದೇನೆ.

2. ಅರ್ಧಕ್ಕೆ ಬಿಟ್ಟ ಔಷಧಿ. ಒಂದು ದಿನ ಸೂಜಿ ಮಾಡಿಸಿ, ಕರು ಚೇತರಿಸಿದಂತೆ ಕಂಡೊಡನೆ ನಿಲ್ಲಿಸುವುದು, ತೂಕ ನೋಡದೆ ಅಂದಾಜಿನ ಮೇಲೆ ಕೊಡುವುದು, ಹಿಂದಿನ ಸಲ ಉಳಿದ ಬಾಟಲಿ ಬಳಸುವುದು, ಮನೆಮಂದಿಗೆ ತಂದ ಮಾತ್ರೆಯನ್ನು ಪುಡಿ ಮಾಡಿ ಕರುವಿಗೆ ಕುಡಿಸುವುದು. ಇವೆಲ್ಲ ರೋಗಾಣುವನ್ನು ಕೊಲ್ಲದೆ ಅದಕ್ಕೆ ತಾಲೀಮು ಕೊಟ್ಟಂತೆ.

3. ಔಷಧಿ ಬೆರೆತ ಹಾಲು. ಕೆಚ್ಚಲು ಬಾವಿಗೆ ಔಷಧಿ ಪಡೆದ ಆಕಳ ಹಾಲಿನಲ್ಲಿ ಔಷಧಿಯ ಅಂಶ ಅಲ್ಪ ಪ್ರಮಾಣದಲ್ಲಿ ಇಳಿಯುತ್ತದೆ. ದಿನವೂ ಅದನ್ನು ಕುಡಿಯುವ ಕರುವಿನ ಕರುಳಿನಲ್ಲಿ ಮೆತ್ತಗಿನ ಬ್ಯಾಕ್ಟೀರಿಯಾ ಸತ್ತು ಗಟ್ಟಿಯವು ಬೆಳೆಯುತ್ತವೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಈ ವಿಷಯವನ್ನೇ ಪರಿಶೀಲಿಸಿ, ಇಂತಹ ಹಾಲು ಕುಡಿದ ಕರುಗಳ ಸಗಣಿಯಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚುತ್ತವೆ ಎಂದು 2017ರಲ್ಲಿ ಅಭಿಪ್ರಾಯ ಕೊಟ್ಟಿದೆ. ಕಾಯಿಸಿದರೆ ಹಾಲಿನ ರೋಗಾಣು ಸಾಯುತ್ತದೆ, ಆದರೆ ಹೆಚ್ಚಿನ ಔಷಧಿಗಳ ಅಂಶ ಹೋಗುವುದಿಲ್ಲ.

ಚೆಲ್ಲುವ ಹಾಲಿನ ನೋವು ನನಗೆ ಗೊತ್ತು. ದಿನಕ್ಕೆ 8 ಲೀಟರ್ ಕೊಡುವ ಆಕಳಾದರೆ ಐದು ದಿನಕ್ಕೆ 40 ಲೀಟರ್. ಆದರೂ ಅದನ್ನು ಕರುವಿಗೆ ಕುಡಿಸದೆ, ದನಕರು ಮತ್ತು ನೀರಿನ ಮೂಲದಿಂದ ದೂರದ ಗುಂಡಿಯಲ್ಲಿ ಸುರಿದು ಮಣ್ಣು ಮುಚ್ಚುವುದೇ ಲೇಸು. ಆ ದಿನಗಳಲ್ಲಿ ಕರುವಿಗೆ ಇನ್ನೊಂದು ಆಕಳ ಹಾಲು ಕೊಡಿರಿ.

ಇದು ಕೊಟ್ಟಿಗೆಯಲ್ಲೇ ನಿಲ್ಲುವ ವಿಷಯವಲ್ಲ

ಕರುವಿನ ಸಗಣಿ ಬಳಿಯುವವರು ಮನೆಯ ತಾಯಂದಿರು, ಕರುವಿನ ಜೊತೆ ಆಡುವವರು ಮಕ್ಕಳು. ಕೈ ತೊಳೆಯದೆ ರೊಟ್ಟಿ ಮುಟ್ಟಿದರೆ ಕರುಳಿನಿಂದ ಕರುಳಿಗೆ ದಾರಿ ಆಯಿತು. ಹಸಿ ಹಾಲೂ ಇನ್ನೊಂದು ದಾರಿ. ಕೆಚ್ಚಲು ಬಾವಿಗೆ ನಾವು ಬಳಸುವ ಸೆಫಲೋಸ್ಪೊರಿನ್ ಗುಂಪಿನ ಔಷಧಿಗಳನ್ನೇ ಆಸ್ಪತ್ರೆಯಲ್ಲಿ ಮನುಷ್ಯರಿಗೂ ಕೊಡುತ್ತಾರೆ. ಈ ಗುಂಪಿನ ಮೂರನೆಯ ತಲೆಮಾರಿನ ಔಷಧಿಗಳಿಗೆ ಬಗ್ಗದ ಇ. ಕೋಲಿಯಂತಹ ಕರುಳಿನ ಬ್ಯಾಕ್ಟೀರಿಯಾಗಳನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ 2024ರ ಪಟ್ಟಿಯಲ್ಲಿ ಅತಿ ಗಂಭೀರ ವರ್ಗದಲ್ಲಿ ಇಟ್ಟಿದೆ. ಕರುವಿನ ಮೇಲೆ ಸುಮ್ಮನೆ ಖರ್ಚು ಮಾಡಿದ ಔಷಧಿ, ನಾಳೆ ಮಗುವಿಗೆ ಬೇಕಾದಾಗ ಕೆಲಸ ಮಾಡದೆ ಹೋಗಬಾರದು.

ಇದೇ ಕಾರಣಕ್ಕೆ ಸರ್ಕಾರವೂ ಕ್ರಮ ಕೈಗೊಂಡಿದೆ. ಆಸ್ಪತ್ರೆಗಳಲ್ಲಿ ಕೊನೆಯ ಅಸ್ತ್ರವಾಗಿ ಬಳಸುವ ಕೋಲಿಸ್ಟಿನ್ ಔಷಧಿಯನ್ನು ಆಹಾರ ಒದಗಿಸುವ ಪ್ರಾಣಿಗಳಿಗೆ, ಕೋಳಿ ಹಾಗೂ ಮೀನು ಸಾಕಣೆಗೆ, ಮೇವಿನ ಪೂರಕಗಳಿಗೆ ಬಳಸುವುದಕ್ಕಾಗಿ ತಯಾರಿಸುವುದು ಮತ್ತು ಮಾರುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ಕ್ಲೋರಾಂಫೆನಿಕಾಲ್ ಮತ್ತು ನೈಟ್ರೊಫ್ಯುರಾನ್ ಗುಂಪಿನ ಔಷಧಿಗಳಿಗೆ 2025ರಲ್ಲಿ ಇಂತಹದೇ ನಿಷೇಧ ಬಂತು. ಹಿಂದೆ ಕರುವಿನ ಭೇದಿಗೆ ನುಂಗಿಸುತ್ತಿದ್ದ ಫ್ಯುರಾಜೋಲಿಡೋನ್ ಎಂಬ ಹಳದಿ ಔಷಧಿ ಈ ಗುಂಪಿನದೇ. ಹಳೆಯ ಗುಳಿಗೆ ಮನೆಯಲ್ಲಿ ಉಳಿದಿದ್ದರೆ ಕರುವಿಗೆ ಕೊಡಬೇಡಿರಿ.

ಭೇದಿ ಹತ್ತಿದ ಕರುವಿಗೆ ಮೊದಲು ಬೇಕಾದದ್ದು ನೀರು

ಭೇದಿಯಾದ ಕರುಗಳು ಹೆಚ್ಚಾಗಿ ಸಾಯುವುದು ಮೈಯ ನೀರು ಮತ್ತು ಲವಣ ಕಳೆದುಕೊಂಡು. ನಮ್ಮ ಭಾಗದ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವಾಗ ಇದು ಇನ್ನೂ ಬೇಗ ಆಗುತ್ತದೆ. ಕುತ್ತಿಗೆಯ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಬಿಡಿರಿ. ಕೂಡಲೆ ಮೊದಲಿನಂತಾಗದೆ ಮಡಿಕೆಯಾಗಿಯೇ ನಿಂತರೆ ನೀರು ಕಡಿಮೆಯಾಗಿದೆ ಎಂದು ತಿಳಿಯಿರಿ. ಕಣ್ಣು ಗುಳಿ ಬೀಳುವುದೂ ಅದೇ ಲಕ್ಷಣ.

ಆಗ ಹೀಗೆ ಮಾಡಿರಿ:

– ಕಾಯಿಸಿ ಆರಿಸಿದ 1 ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಲೀಟರಿನ ಓ.ಆರ್.ಎಸ್. ಪೊಟ್ಟಣ ಕರಗಿಸಿರಿ. ಪೊಟ್ಟಣ ಸಿಗದಿದ್ದರೆ ಗ್ಲೂಕೋಸ್ ಪುಡಿ 20 ಗ್ರಾಂ, ಉಪ್ಪು ಅರ್ಧ ಚಹಾ ಚಮಚೆ, ಅಡಿಗೆ ಸೋಡಾ ಅರ್ಧ ಚಹಾ ಚಮಚೆ ಹಾಕಿರಿ.

– ಸಕ್ಕರೆ ಬೆಲ್ಲ ಹಾಕಬೇಡಿರಿ. ಎಳೆಗರುವಿಗೆ ಅವು ಸರಿಯಾಗಿ ಪಚನವಾಗುವುದಿಲ್ಲ, ಭೇದಿ ಹೆಚ್ಚಾಗಬಹುದು.

– ಒಂದು ಸಲಕ್ಕೆ 1 ಲೀಟರಿನಂತೆ ದಿನಕ್ಕೆ ಮೂರು ನಾಲ್ಕು ಸಲ ಕುಡಿಸಿರಿ. ಹಾಲಿನಲ್ಲಿ ಬೆರೆಸದೆ, ಹಾಲು ಕುಡಿಸಿ ಎರಡು ತಾಸು ಬಿಟ್ಟು ಕೊಡಿರಿ.

– ಹಾಲು ಪೂರ್ತಿ ನಿಲ್ಲಿಸಬೇಡಿರಿ. ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕೊಡಿರಿ. ಹಸಿದ ಕರುವಿಗೆ ರೋಗದೊಡನೆ ಹೋರಾಡಲು ಶಕ್ತಿ ಇರುವುದಿಲ್ಲ.

– ಚೀಪಲಾರದ ಕರುವಿಗೆ ಗೊಟ್ಟದಿಂದ ಒತ್ತಾಯವಾಗಿ ಹಾಕಬೇಡಿರಿ. ನೀರು ಪುಪ್ಪುಸಕ್ಕೆ ಇಳಿದರೆ ಕರು ಉಳಿಯುವುದು ಕಷ್ಟ. ಅಂತಹ ಕರುವಿಗೆ ನರದ ಮೂಲಕ ಸಲೈನ್ ಬೇಕು, ಕೂಡಲೇ ಕರೆ ಮಾಡಿರಿ.

ಸೂಜಿ ಯಾವಾಗ ಬೇಕೇ ಬೇಕು?

ಸೂಜಿಯನ್ನು ಪೂರ್ತಿ ಬಿಟ್ಟುಬಿಡಿರಿ ಎಂದು ನಾನು ಹೇಳುತ್ತಿಲ್ಲ. ಜ್ವರ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಸಗಣಿಯಲ್ಲಿ ರಕ್ತ ಕಂಡರೆ, ಕರು ಏಳಲಾರದೆ ಮಲಗಿದರೆ, ಮೊಲೆ ಬಿಟ್ಟರೆ, ಮೈ ತಣ್ಣಗಾದರೆ, ಹೊಕ್ಕಳು ಅಥವಾ ಕೀಲು ಬಾತು ನೋವಿದ್ದರೆ, ಉಸಿರಾಟ ಜೋರಾಗಿ ಕೆಮ್ಮುತ್ತಿದ್ದರೆ ತಡ ಮಾಡಬೇಡಿರಿ. ಇಂತಹ ಕರುವಿಗೆ ಆಂಟಿಬಯೋಟಿಕ್ ಪ್ರಾಣ ಉಳಿಸುವ ಔಷಧಿ. ಆ ದಿನ ಅದು ಕೆಲಸ ಮಾಡಬೇಕೆಂದೇ ಉಳಿದ ದಿನ ಜೋಪಾನ ಮಾಡಬೇಕು. ಕೊಡಲು ಶುರುವಿಟ್ಟರೆ ವೈದ್ಯರು ಹೇಳಿದ ಅಳತೆಯಲ್ಲಿ, ಹೇಳಿದಷ್ಟು ದಿನ ಕೊಡಿಸಿರಿ.

ಒಂದೇ ಕೊಟ್ಟಿಗೆಯಲ್ಲಿ ಮೇಲಿಂದ ಮೇಲೆ ಕರು ಸಾಯುತ್ತಿದ್ದರೆ, ಮೊದಲ ಸೂಜಿಗೆ ಮುಂಚೆಯೇ ಸಗಣಿಯ ಮಾದರಿ ತೆಗೆಸಿ ಯಾವ ಔಷಧಿಗೆ ರೋಗಾಣು ಬಗ್ಗುತ್ತದೆ ಎಂಬ ಪರೀಕ್ಷೆ ಮಾಡಿಸಲು ನಿಮ್ಮ ಪಶುವೈದ್ಯರನ್ನು ಕೇಳಿರಿ. ಸೂಜಿ ಮಾಡಿದ ಮೇಲೆ ತೆಗೆದ ಮಾದರಿಯಿಂದ ಸರಿಯಾದ ಉತ್ತರ ಸಿಗದೆ ಹೋಗಬಹುದು.

ರೋಗವೇ ಬಾರದ ಹಾಗೆ

ಗಿಣ್ಣದ ಹಾಲು: ಕರು ಹುಟ್ಟುವಾಗ ಅದರ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಇರುವುದಿಲ್ಲವೆಂದೇ ಹೇಳಬೇಕು. ಅದು ಬರುವುದು ಗಿಣ್ಣದಿಂದ. ಕರುಳು ಈ ಶಕ್ತಿಯನ್ನು ಹೀರುವುದು ಮೊದಲ ಕೆಲವು ತಾಸು ಮಾತ್ರ, 24 ತಾಸಿನ ನಂತರ ಆ ಬಾಗಿಲು ಮುಚ್ಚುತ್ತದೆ. ಆದ್ದರಿಂದ ಹುಟ್ಟಿದ ಎರಡು ತಾಸಿನೊಳಗೆ ಒಂದೂವರೆಯಿಂದ ಎರಡು ಲೀಟರ್, 12 ತಾಸಿನೊಳಗೆ ಮತ್ತೆ ಅಷ್ಟೇ ಕುಡಿಸಿರಿ. ಕಸ ಬೀಳುವ ತನಕ ಗಿಣ್ಣ ಕುಡಿಸಬಾರದು ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಇದೆ. ಅದು ಕರುವಿಗೆ ಮಾಡುವ ದೊಡ್ಡ ಅನ್ಯಾಯ. ಓಣಿಗೆಲ್ಲ ಗಿಣ್ಣ ಹಂಚಿರಿ, ಬೇಡವೆನ್ನುವುದಿಲ್ಲ. ಆದರೆ ಮೊದಲ ಪಾಲು ಕರುವಿನದು.

ಹೊಕ್ಕಳು: ಹೊಟ್ಟೆಯಿಂದ ಎರಡು ಬೆರಳು ಬಿಟ್ಟು ಸ್ವಚ್ಛವಾದ ದಾರ ಕಟ್ಟಿ, ಹೊಸ ಬ್ಲೇಡಿನಿಂದ ಕತ್ತರಿಸಿ, ಟಿಂಚರ್ ಅಯೋಡಿನ್ ಹಚ್ಚಿರಿ. ಒಣಗುವ ತನಕ ದಿನಕ್ಕೆರಡು ಸಲ ಹಚ್ಚಿರಿ.

ಜಾಗ: ಎಳೆಗರುವನ್ನು ದೊಡ್ಡ ದನಗಳ ಸಗಣಿ ಮೂತ್ರ ಹರಿದು ಬರದ ಒಣ ಜಾಗದಲ್ಲಿ, ಒಣ ಹೊಟ್ಟು ಅಥವಾ ಕಣಿಕೆಯ ಹಾಸಿಗೆಯ ಮೇಲೆ ಕಟ್ಟಿರಿ. ಭೇದಿಯ ಕರುವನ್ನು ಬೇರೆ ಕಟ್ಟಿ, ಅದರ ಕೆಲಸ ಎಲ್ಲಕ್ಕಿಂತ ಕೊನೆಗೆ ಮಾಡಿರಿ. ಹಾಲಿನ ಬಕೆಟ್ಟನ್ನು ಪ್ರತಿ ಸಲವೂ ಬಿಸಿನೀರಿನಲ್ಲಿ ತಿಕ್ಕಿ ತೊಳೆದು ಬಿಸಿಲಿಗೆ ಬೋರಲು ಹಾಕಿರಿ.

ಹೊಸ ದನ: ಸಂಕ್ರಾಂತಿಯ ಹೊತ್ತಿಗೆ ನಡೆಯುವ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಯಿಂದಾಗಲಿ, ಬೇರೆ ಸಂತೆಯಿಂದಾಗಲಿ ತಂದ ದನವನ್ನು ಮೂರು ವಾರ ಬೇರೆ ಕಟ್ಟಿರಿ. ಹೊಸ ದನದ ಸಗಣಿಯೊಡನೆ ಹೊಸ ರೋಗಾಣುಗಳೂ ಬರುತ್ತವೆ.

ಕೆಚ್ಚಲು: ಬಾವು ಕಡಿಮೆಯಾದಷ್ಟೂ ಔಷಧಿ ಕಡಿಮೆ, ಚೆಲ್ಲುವ ಹಾಲೂ ಕಡಿಮೆ. ಹಿಂಡುವ ಮುನ್ನ ಕೈ, ಕೆಚ್ಚಲು ತೊಳೆದು ಒರೆಸಿರಿ. ಹಿಂಡಿದ ಮೇಲೆ ಮೊಲೆ ತೂತು ಮುಚ್ಚಲು ಸುಮಾರು ಅರ್ಧ ತಾಸು ಬೇಕು. ಅಲ್ಲಿಯವರೆಗೆ ಮಲಗದಂತೆ ಮುಂದೆ ಮೇವು ಹಾಕಿರಿ. ಬಾವಿನ ಆರಂಭದಲ್ಲೇ ಲೋಳೆಸರ, ಅರಿಶಿಣ, ಸುಣ್ಣ ಅರೆದು ಹಚ್ಚುವ ವಿಧಾನವನ್ನು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಪ್ರಚಾರ ಮಾಡುತ್ತಿದೆ. ಅಳತೆ ಮತ್ತು ಕ್ರಮವನ್ನು ವೈದ್ಯರಿಂದ ತಿಳಿದು ಮಾಡಿರಿ.

ಔಷಧಿಯ ಲೆಕ್ಕ ಗೋಡೆಯ ಮೇಲಿರಲಿ

ಸೂಜಿ ಮಾಡಿಸಿದ ದಿನ, ಔಷಧಿಯ ಹೆಸರು, ಹಾಲು ಹಾಕಬಾರದ ಕೊನೆಯ ದಿನ, ಈ ಮೂರನ್ನು ಕೊಟ್ಟಿಗೆಯ ಗೋಡೆಯ ಮೇಲೆ ಸುಣ್ಣದಕಡ್ಡಿಯಿಂದ ಬರೆದಿಡಿರಿ. ಹಿಂಡುವವರು ಬೇರೆ, ಸಂಘಕ್ಕೆ ಒಯ್ಯುವವರು ಬೇರೆ ಇದ್ದಾಗ ತಪ್ಪು ಆಗುವುದು ಇಲ್ಲಿಯೇ. ಎಷ್ಟು ದಿನ ಹಾಲು ಹಾಕಬಾರದು ಎಂಬುದು ಔಷಧಿಯ ಚೀಟಿಯ ಮೇಲೆ ಇರುತ್ತದೆ. ಪರೀಕ್ಷಿಸಿ ಗೊತ್ತುಪಡಿಸಿದ ಅವಧಿ ಇಲ್ಲದ ಔಷಧಿಗೆ ಹಾಲಿನ ಮಟ್ಟಿಗೆ ಕನಿಷ್ಠ 7 ದಿನ ಎಂದು 2012ರಲ್ಲಿ ಸೇರಿಸಿದ ಔಷಧ ನಿಯಮ ಹೇಳುತ್ತದೆ. ಒಂದೇ ಮೊಲೆಗೆ ಟ್ಯೂಬ್ ಹಾಕಿದ್ದರೂ ನಾಲ್ಕೂ ಮೊಲೆಯ ಹಾಲನ್ನು ಬೇರೆ ಇಡಬೇಕು. ಔಷಧಿ ಬೆರೆತ ಒಂದು ಕ್ಯಾನ್ ಹಾಲು ಊರಿನವರ ಹಾಲನ್ನೆಲ್ಲ ಕೆಡಿಸಬಲ್ಲದು. ಅಂತಹ ಹಾಲಿನಲ್ಲಿ ಹೆಪ್ಪಿನ ಬ್ಯಾಕ್ಟೀರಿಯಾ ಸಾಯುವುದರಿಂದ ಮೊಸರೂ ಸರಿಯಾಗಿ ಆಗುವುದಿಲ್ಲ.

ನೆನಪಿಡಿರಿ

1. ಹುಟ್ಟಿದ ಎರಡು ತಾಸಿನೊಳಗೆ ಗಿಣ್ಣ.
2. ಭೇದಿಗೆ ಮೊದಲು ನೀರು ಮತ್ತು ಲವಣ, ಆಮೇಲೆ ವೈದ್ಯರ ಸಲಹೆ.
3. ಉಳಿದ ಬಾಟಲಿ, ಮನುಷ್ಯರ ಮಾತ್ರೆ ಕರುವಿಗೆ ಬೇಡ.
4. ಶುರು ಮಾಡಿದ ಔಷಧಿಯನ್ನು ಅರ್ಧಕ್ಕೆ ಬಿಡಬೇಡಿರಿ.
5. ಔಷಧಿ ಬೆರೆತ ಹಾಲು ಕ್ಯಾನಿಗೂ ಬೇಡ, ಕರುವಿಗೂ ಬೇಡ.
6. ಹಾಲು ಕಾಯಿಸಿ ಕುಡಿಯಿರಿ, ಕರು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಿರಿ.

ಬಬಲೇಶ್ವರ ಕಡೆಯ ಆ ಮನೆಯ ಆಕಳು ಮರು ವರ್ಷ ಮತ್ತೆ ಹೆಣ್ಣುಗರು ಹಾಕಿತು. ಕಸ ಬೀಳುವುದನ್ನು ಕಾಯದೆ ಗಿಣ್ಣ ಕುಡಿಸಿದರು. ಎರಡನೆಯ ವಾರದಲ್ಲಿ ಅದಕ್ಕೂ ಭೇದಿ ಹತ್ತಿತು. ಈ ಸಲ ಮೊದಲ ದಿನವೇ ಕರೆ ಬಂತು. ಜ್ವರ ಇರಲಿಲ್ಲ, ಕರು ಚೀಪುತ್ತಿತ್ತು. ನಾನು ಸೂಜಿ ತೆಗೆಯಲಿಲ್ಲ. ಮನೆಯ ಹಿರಿಯರಿಗೆ ಸಮಾಧಾನವಾಗಲಿಲ್ಲ, "ಬರೇ ನೀರು ಕುಡಿಸಿ ಹೊಂಟ್ರೆಲ್ಲರೀ" ಎಂದರು. ಮೂರು ದಿನ ಅವರ ಸೊಸೆಯೇ ಹೊತ್ತು ಹೊತ್ತಿಗೆ ಓ.ಆರ್.ಎಸ್. ಕುಡಿಸಿದರು. ನಾಲ್ಕನೆಯ ದಿನ ಸಗಣಿ ಗಟ್ಟಿಯಾಯಿತು. ಆ ಕರು ಈಗ ಆಕಳಾಗಿ ಸಂಘಕ್ಕೆ ಹಾಲು ಕೊಡುತ್ತಿದೆ.

ಎಲ್ಲ ಕರುಗಳೂ ಹೀಗೆ ಸೂಜಿಯಿಲ್ಲದೆ ಏಳುವುದಿಲ್ಲ. ಯಾವುದು ಏಳುತ್ತದೆ, ಯಾವುದಕ್ಕೆ ಸೂಜಿ ಬೇಕು ಎಂದು ನೋಡಿ ಹೇಳುವುದು ನಮ್ಮ ಕೆಲಸ. ಮೊದಲ ದಿನವೇ ನಮಗೆ ತಿಳಿಸುವುದು ನಿಮ್ಮ ಕೆಲಸ. ಹೆಚ್ಚಿನ ಮಾಹಿತಿಗೆ ನಿಮ್ಮ ಸಂಘದ ಕಾರ್ಯದರ್ಶಿಯವರನ್ನು ಅಥವಾ ಸಮೀಪದ ಪಶು ಆಸ್ಪತ್ರೆಯನ್ನು ಸಂಪರ್ಕಿಸಿರಿ.